ಅದೊಂದು ಜಾಗ ಬಿಟ್ಟು ಎಲ್ಲಿ ಬೇಕಾದರೂ ಒಡೆಯಿರಿ

ಕೊರೊನಾ ಹಾವಳಿ ತಣ್ಣಗಾದ ಮೇಲಿನ ಎರಡನೇ ಮಳೆಗಾಲ ಅದು. ಪೂರ್ವ ಬೆಂಗಳೂರಿನ ಒಂದು ಸರ್ಕಾರಿ ಕಾರ್ಖಾನೆಯ ಸಿವಿಲ್ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು ನಾನು ನಿವೃತ್ತಳಾಗಿ ನಾಲ್ಕು ವರ್ಷವಾಗಿತ್ತು. ಸೇತುವೆ, ಅಣೆಕಟ್ಟು ಕಟ್ಟಿದ ಎಂಜಿನಿಯರ್ ನಾನಲ್ಲ. ಕಾಲೋನಿಯ ಆರುನೂರು ಕ್ವಾರ್ಟರ್ಸ್‌ಗಳ ಸೋರುವ ತಾರಸಿ, ಬಿರುಕು ಬಿಟ್ಟ ಗೋಡೆ, ಉದುರುವ ಗಾರೆ, ಇವುಗಳ ಜೊತೆಗೇ ನನ್ನ ಸರ್ವಿಸ್ ಮುಗಿಯಿತು. ನಿವೃತ್ತಿಯಾದ ಮೇಲೆ ಕೆ.ಆರ್. ಪುರದ ಮನೆಯಲ್ಲಿ ಸುಮ್ಮನೆ ಕೂರಲಾಗದೆ, ಹಳೆಯ ಮನೆ ಕೊಳ್ಳುವವರ ಪರವಾಗಿ ಮನೆ ನೋಡಿ ವರದಿ ಬರೆದುಕೊಡುವ ಕೆಲಸ ಶುರು ಮಾಡಿದೆ. ಕಾಗದಪತ್ರ ನೋಡುವುದಕ್ಕೆ ಎಲ್ಲರೂ ವಕೀಲರ ಹತ್ತಿರ ಓಡುತ್ತಾರೆ. ಗೋಡೆಯನ್ನು ಮಾತ್ರ ಬಣ್ಣ ನೋಡಿ ಒಪ್ಪಿಬಿಡುತ್ತಾರೆ.

ನನ್ನ ಉಪಕರಣಗಳು ಒಂದು ಕೈಚೀಲದಲ್ಲಿ ಹಿಡಿಸುತ್ತವೆ. ಇನ್ನೂರು ಗ್ರಾಂ ತೂಕದ ಒಂದು ಪುಟ್ಟ ಸುತ್ತಿಗೆ, ಸೀಮೆಸುಣ್ಣ, ಟಾರ್ಚು, ಟೇಪು, ತೇವ ಅಳೆಯುವ ಒಂದು ಮೀಟರ್. ಗಾರೆ ಇಟ್ಟಿಗೆಯನ್ನು ಹಿಡಿದುಕೊಂಡಿದ್ದರೆ ಸುತ್ತಿಗೆಗೆ ಗಟ್ಟಿ ಸದ್ದು ಬರುತ್ತದೆ. ಇಟ್ಟಿಗೆಯಿಂದ ಬಿಟ್ಟುಕೊಂಡಿದ್ದರೆ ಖಾಲಿ ಡಬ್ಬ ಬಡಿದ ಹಾಗೆ ಟೊಳ್ಳು ಸದ್ದು. ಟೊಳ್ಳು ಕೇಳಿಸಿದ ಕಡೆಯೆಲ್ಲ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಾ ಹೋಗುತ್ತೇನೆ. ರಸೆಲ್ ಮಾರುಕಟ್ಟೆಯಲ್ಲಿ ನಾನು ಕಲ್ಲಂಗಡಿ ತಟ್ಟಿ ನೋಡುವುದನ್ನು ಕಂಡು, "ನನ್ನನ್ನ ಮಾತ್ರ ತಟ್ಟದೇ ಒಪ್ಕೊಂಡ್ಬಿಟ್ಟೆ, ಪುಣ್ಯ" ಎಂದು ನಮ್ಮ ಯಜಮಾನರು ಆಗಾಗ ಹಂಗಿಸುತ್ತಾರೆ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ಅನುಮಾನದ ಪ್ರಾಣಿ. ಕಂಟ್ರಾಕ್ಟರುಗಳ ಜೊತೆ ಏಗಿ ಏಗಿ ಆ ಗುಣ ಮೈಗೆ ಹತ್ತಿತ್ತು. ಹೊಸ ಬಣ್ಣದ ವಾಸನೆ ಬಂದರೆ ನನ್ನ ಮೂಗು ಅರಳುತ್ತದೆ. ಮಾರುವವರ ಮನೆಯಲ್ಲಿ ಕಾಫಿ ಕುಡಿಯುವುದಿಲ್ಲ ಎಂಬುದು ನಾನು ಹಾಕಿಕೊಂಡಿದ್ದ ನಿಯಮ. ಕಾಫಿ ಕುಡಿದ ಮೇಲೆ ಅವರ ಗೋಡೆಗೆ ಸುತ್ತಿಗೆ ಎತ್ತಲು ಕೈ ಸ್ವಲ್ಪ ಅಳುಕುತ್ತದೆ.

ಆ ಜೂನ್ ತಿಂಗಳಲ್ಲಿ ಸರಸ್ವತಿ ಎಂಬ ಹೆಣ್ಣುಮಗಳು ಫೋನ್ ಮಾಡಿದಳು. ಮೂವತ್ತೆಂಟು ವಯಸ್ಸು. ಇಂದಿರಾನಗರದ ಒಂದು ಬಾಡಿಗೆ ಮನೆಯಲ್ಲಿ ಶಿಶುವಿಹಾರ ನಡೆಸುತ್ತಿದ್ದಳು. ಕೆಲಸಕ್ಕೆ ಹೋಗುವ ತಾಯಂದಿರು ಬೆಳಿಗ್ಗೆ ಮಕ್ಕಳನ್ನು ಬಿಟ್ಟು ಸಂಜೆ ಕರೆದೊಯ್ಯುವ ಜಾಗ. ಒಟ್ಟು ಹದಿನಾಲ್ಕು ಮಕ್ಕಳು, ಎಲ್ಲವೂ ನಾಲ್ಕು ವರ್ಷದ ಒಳಗಿನವು. ಮನೆಯೊಡೆಯರು ಕಟ್ಟಡ ಕೆಡವುತ್ತೇವೆಂದು ಮುಂದಿನ ತಿಂಗಳ ಕೊನೆಗೆ ಖಾಲಿ ಮಾಡಲು ಹೇಳಿದ್ದರು. ಹೊಸ ಬಾಡಿಗೆ ಮನೆಯವರು ಮಕ್ಕಳ ಗಲಾಟೆ ಎಂದೊಡನೆ ಬಾಗಿಲು ಹಾಕುತ್ತಿದ್ದರು. ಕೊನೆಗೆ ತನ್ನ ಉಳಿತಾಯ ಮತ್ತು ಬ್ಯಾಂಕ್ ಸಾಲ ಸೇರಿಸಿ ಹಲಸೂರಿನ ಒಂದು ಹಳೆಯ ಮನೆಯನ್ನೇ ಕೊಳ್ಳಲು ಹೊರಟಿದ್ದಳು.

"ಮನೆ ಚೆನ್ನಾಗಿದೆ ಅಂತ ನೀವೊಂದು ಮಾತು ಬರ್ಕೊಟ್ರೆ ಸಾಕು ಮೇಡಂ, ಮುಂದುವರೀತೀನಿ" ಎಂದಳು.

"ಚೆನ್ನಾಗಿದ್ರೆ ಬರ್ಕೊಡ್ತೀನಮ್ಮ" ಎಂದೆ.

ಹಲಸೂರು ಕೆರೆಯ ಕಡೆಯಿಂದ ಒಳಗೆ ಹೋಗುವ ಒಂದು ಕಿರುರಸ್ತೆಯಲ್ಲಿ ಮನೆ. ಮಾರುತ್ತಿದ್ದವರು ಮುನಿರಾಜಪ್ಪ, ಅರವತ್ತು ದಾಟಿದವರು. ಅವರ ಅಜ್ಜ ಕೆರೆ ಬಯಲಲ್ಲಿ ಸೊಪ್ಪು ತರಕಾರಿ ಬೆಳೆಯುತ್ತಿದ್ದಾಗ ಕಟ್ಟಿಸಿದ ಮನೆ. ಈಗ ಮನೆಯವರೆಲ್ಲ ಕಲ್ಯಾಣ ನಗರದ ಕಡೆ ಹೋಗಿ, ಇದನ್ನು ಹತ್ತು ಹನ್ನೆರಡು ವರ್ಷ ಬಾಡಿಗೆಗೆ ಕೊಟ್ಟಿದ್ದರು. ಹದಿನಾಲ್ಕು ಇಂಚಿನ ಇಟ್ಟಿಗೆ ಗೋಡೆ, ಇಟ್ಟಿಗೆಗಳ ನಡುವೆ ಮಣ್ಣಿನ ಕೆಸರು, ಮೇಲೆ ಸುಣ್ಣದ ಗಾರೆ. ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿದ ಮದ್ರಾಸ್ ತಾರಸಿ. ಇಂಥ ಮನೆಯ ಭಾರವನ್ನೆಲ್ಲ ಗೋಡೆಗಳೇ ಹೊರುತ್ತವೆ, ಕಾಂಕ್ರೀಟ್ ಕಂಬ ಇರುವುದಿಲ್ಲ. ಗೋಡೆ ಒಣಗಿರುವ ತನಕ ನೂರು ವರ್ಷವಾದರೂ ಅಲುಗಾಡದು. ನೀರು ಕುಡಿದರೆ ಮಣ್ಣು ಮತ್ತೆ ಮಣ್ಣೇ ಆಗುತ್ತದೆ.

ಬಾಗಿಲು ದಾಟುವಷ್ಟರಲ್ಲೇ ಹೊಸ ಬಣ್ಣದ ವಾಸನೆ ಹೊಡೆಯಿತು. ಮುನಿರಾಜಪ್ಪ ಫ್ಲಾಸ್ಕ್ ತೆರೆದು, "ಕಾಫಿ ತಗೊಳ್ಳಿ ಮೇಡಂ" ಎಂದರು. ಬೇಡವೆಂದೆ. ಮುಂದೆ ದೊಡ್ಡ ಹಾಲ್, ಆಮೇಲೆ ನಡುಮನೆ, ಹಿಂದೆ ಅಡುಗೆಮನೆ, ಇನ್ನೆರಡು ಕೋಣೆ. ಹಾಲ್‌ನ ಉತ್ತರದ ಗೋಡೆಗೆ ನೆಲದಿಂದ ನಾಲ್ಕು ಅಡಿ ಎತ್ತರದವರೆಗೆ ಹಾಲುಬಿಳುಪಿನ ಟೈಲ್ಸ್, ಅದರ ಮೇಲೆ ನಯವಾದ ಸಿಮೆಂಟ್ ಗಾರೆ. ನಾಲ್ಕು ಕಡೆ ಸುತ್ತಿಗೆಯಿಂದ ತಟ್ಟಿದೆ. ಕಲ್ಲಿನ ಹಾಗೆ ಗಟ್ಟಿ ಸದ್ದು. ಮುಂದೆ ಹೋದೆ.

ನಡುಮನೆಯ ಗೋಡೆಗೆ ಟಾರ್ಚನ್ನು ಓರೆಯಾಗಿ ಹಿಡಿದಾಗ ನನ್ನ ಕಾಲು ನಿಂತಿತು. ಆಳೆತ್ತರದಲ್ಲಿ, ಎರಡಡಿ ಅಗಲ ಎರಡೂವರೆ ಅಡಿ ಉದ್ದದ ಒಂದು ತೇಪೆ. ಸುತ್ತಲಿನ ಗಾರೆ ಸುಣ್ಣದ್ದು, ಇದು ಸಿಮೆಂಟಿನದು. ತಟ್ಟಿದೆ. ಟೊಳ್ಳು, ಅದೂ ಬರೀ ಗಾರೆ ಬಿಟ್ಟ ಟೊಳ್ಳಲ್ಲ, ಒಳಗೆ ಜಾಗವೇ ಇದ್ದಂಥ ಸದ್ದು.

"ಇದೇನು ಮುನಿರಾಜಪ್ಪನವರೇ?"

"ಅದಾ... ಅಲ್ಲೊಂದು ಹಳೇ ಸ್ವಿಚ್‌ಬೋರ್ಡ್ ಇತ್ತು ಮೇಡಂ. ತೆಗೆಸಿ ಮುಚ್ಚಿಸ್ದೆ."

ಎರಡೂವರೆ ಅಡಿಯ ಸ್ವಿಚ್‌ಬೋರ್ಡನ್ನು ನಾನು ಕಾರ್ಖಾನೆಯ ಸಬ್‌ಸ್ಟೇಷನ್ನಿನಲ್ಲಿ ಬಿಟ್ಟು ಬೇರೆಲ್ಲೂ ಕಂಡಿಲ್ಲ. ಮನೆಯ ಬೇರೆ ಕಡೆಯೆಲ್ಲ ವೈರಿಂಗ್ ಗೋಡೆಯ ಹೊರಗೇ ಮರದ ಪಟ್ಟಿಯಲ್ಲಿ ಓಡುತ್ತಿತ್ತು, ಈ ತೇಪೆಯ ಹತ್ತಿರ ಮಾತ್ರ ಒಂದು ಮೊಳೆ ಹೊಡೆದ ಗುರುತೂ ಇರಲಿಲ್ಲ. ಹತ್ತು ನಿಮಿಷ ಬಿಟ್ಟು, ಮಾತಿನ ನಡುವೆ ಮತ್ತೆ ಕೇಳಿದೆ. ಈ ಸಲ ಅವರು, "ಪಾತ್ರೆ ಇಡೋ ಬೀರು ಇತ್ತು" ಎಂದರು. ಹೇಳುವಾಗ ನನ್ನ ಮುಖ ನೋಡದೆ ಕಿಟಕಿಯ ಕಡೆ ನೋಡುತ್ತಿದ್ದರು. ನನ್ನ ಅನುಮಾನ ಗಟ್ಟಿಯಾಯಿತು. ಗೋಡೆ ಮಧ್ಯದಲ್ಲಿ ಕುಸಿದಿದೆ, ಇಟ್ಟಿಗೆ ಜಾರಿದೆ, ಮುಚ್ಚಿ ಬಣ್ಣ ಬಳಿದಿದ್ದಾರೆ ಎಂದುಕೊಂಡೆ.

"ಇಲ್ಲಿ ನಾಲ್ಕು ಇಂಚು ಒಡೆದು ನೋಡ್ಬೇಕು. ಆಮೇಲೆ ನಾನೇ ಮುಚ್ಚಿಸಿ ಕೊಡ್ತೀನಿ."

ಅವರು ತೇಪೆಗೂ ನನಗೂ ಅಡ್ಡ ಬಂದು ನಿಂತರು. "ಅದೊಂದು ಜಾಗ ಬಿಟ್ಟು ಎಲ್ಲಿ ಬೇಕಾದ್ರೂ ಒಡೀರಿ ಮೇಡಂ. ಇಡೀ ಮನೆ ಒಡೀರಿ, ನಾನ್ ಕೇಳಲ್ಲ. ಅದೊಂದು ಬೇಡ."

ಆ ಮಾತನ್ನು ನಾನು ಅರ್ಧ ಮಾತ್ರ ಕೇಳಿಸಿಕೊಂಡೆ. ಬೇಡ ಎಂದದ್ದು ಕಿವಿಗೆ ಬಿತ್ತು, ಎಲ್ಲಿ ಬೇಕಾದರೂ ಎಂದದ್ದು ಬೀಳಲಿಲ್ಲ. ಇನ್ನೂ ಮುಕ್ಕಾಲು ಗಂಟೆ ಅದೇ ತೇಪೆಯ ಸುತ್ತ ತಟ್ಟಿದೆ, ಅಳೆದೆ, ಫೋಟೊ ಹಿಡಿದೆ, ತೇವದ ಮೀಟರ್ ಅನ್ನೂ ಅಲ್ಲೇ ಹದಿನೈದು ಕಡೆ ಚುಚ್ಚಿದೆ. ಉಳಿದ ಮೂರು ಕೋಣೆಗಳಿಗೆ ಹೋದದ್ದು ಲೆಕ್ಕಕ್ಕೆ ಮಾತ್ರ. ಹಾಲ್‌ನಲ್ಲಿ ಮೀಟರ್ ಚುಚ್ಚಲೇ ಇಲ್ಲ. ನೆಲದಿಂದ ಒಂದಡಿ ಎತ್ತರದಲ್ಲಿ ಅಳೆಯುವುದು ನಮ್ಮ ಪದ್ಧತಿ, ಅಲ್ಲಿ ಟೈಲ್ಸ್ ಇತ್ತು, ಟೈಲ್ಸ್‌ಗೆ ಮೀಟರಿನ ಮೊಳೆ ಇಳಿಯುವುದಿಲ್ಲ. ಅಷ್ಟಕ್ಕೇ ಬಿಟ್ಟೆ. ಕೆಲಸಕ್ಕೆ ಸೇರಿದ ಮೊದಲ ವರ್ಷದ ಟ್ರೇನಿ ಮಾಡಿದ್ದರೆ ನಾನೇ ಬೈಯುತ್ತಿದ್ದ ತಪ್ಪು ಅದು.

ಸಂಜೆ ಮನೆಗೆ ಬಂದು ಸರಸ್ವತಿಗೆ ವಾಟ್ಸ್ಯಾಪ್‌ನಲ್ಲಿ ಪ್ರಾಥಮಿಕ ಟಿಪ್ಪಣಿ ಕಳಿಸಿದೆ. ಅದರ ಎರಡು ವಾಕ್ಯ ನನಗೆ ಈಗಲೂ ಬಾಯಿಪಾಠ: "ನಡುಮನೆಯ ಗೋಡೆಯ ದೋಷವನ್ನು ಮಾರುವವರು ಬೇಕೆಂದೇ ಮುಚ್ಚಿಟ್ಟಿರುವ ಸಂಭವ ಹೆಚ್ಚು. ಉಳಿದ ಕೋಣೆಗಳಲ್ಲಿ ಗಮನಾರ್ಹ ದೋಷ ಕಂಡುಬಂದಿಲ್ಲ."

ಅರ್ಧ ಗಂಟೆಯಲ್ಲಿ ಸರಸ್ವತಿಯ ಫೋನ್ ಬಂತು.

"ಮೇಡಂ, ಉಳಿದಿದ್ದೆಲ್ಲ ಸರಿಯಿದೆ ಅಂದ್ರಲ್ಲ. ನಡುಮನೆಗೆ ಬೀಗ ಹಾಕ್ಬಿಡ್ತೀನಿ. ಮಕ್ಕಳನ್ನ ಮುಂದಿನ ಹಾಲ್‌ನಲ್ಲೇ ಮಲಗಿಸ್ತೀನಿ. ಟೈಲ್ಸ್ ಇರೋ ಗೋಡೆ ಪಕ್ಕ ಸಾಲಾಗಿ ಹಾಸಿಗೆ ಹಾಕಿದ್ರೆ ಹದಿನಾಲ್ಕೂ ಹಿಡಿಸುತ್ತೆ. ಒರೆಸೋಕೂ ಸುಲಭ. ನಾನು ಅಳತೆ ತಗೊಂಡಿದೀನಿ."

"ಆತುರ ಬೇಡ. ಇನ್ನೊಂದ್ಸಲ ಮೇಸ್ತ್ರಿ ಕರ್ಕೊಂಡು ಹೋಗ್ತೀನಿ" ಎಂದೆ. ಹಾಲ್‌ನ ಮೇಲಿನ ಅನುಮಾನದಿಂದ ಹಾಗೆ ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಇಲ್ಲ, ಆ ತೇಪೆಯ ಗುಟ್ಟು ಬಯಲು ಮಾಡದೆ ಬಿಡುವ ಮನಸ್ಸಿರಲಿಲ್ಲ.

ನಾಲ್ಕು ದಿನದ ಮೇಲೆ ಶಿವಾಜಿನಗರದ ಶಫಿ ಮೇಸ್ತ್ರಿಯನ್ನು ಕರೆದುಕೊಂಡು ಹೋದೆ. ಸುಣ್ಣದ ಗಾರೆಯ ಕೆಲಸ ಬಲ್ಲವರು ಈಗ ಬೆರಳೆಣಿಕೆಯಷ್ಟು ಜನ, ಅವರಲ್ಲಿ ಶಫಿ ಒಬ್ಬರು. ಸರಸ್ವತಿಯೂ ಬಂದಿದ್ದಳು. ಹಿಂದಿನ ದಿನ ಇಡೀ ಮಳೆ ಸುರಿದಿತ್ತು. ಮನೆಯ ಮುಂದೆ ಮುನಿರಾಜಪ್ಪನವರ ಜೊತೆ ಎಪ್ಪತ್ತು ದಾಟಿದ ಒಬ್ಬ ಹೆಂಗಸು ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರ ಅಕ್ಕ ಪಾಪಮ್ಮ, ದೊಡ್ಡನೆಕ್ಕುಂದಿಯಲ್ಲಿ ಮಗಳ ಮನೆಯಲ್ಲಿದ್ದವರು, ಈ ವಿಷಯ ಕೇಳಿ ಆಟೋ ಹಿಡಿದು ಬಂದಿದ್ದರು. ನನ್ನ ನಮಸ್ಕಾರಕ್ಕೆ ಅವರು ತಲೆಯನ್ನೂ ಆಡಿಸಲಿಲ್ಲ. ಸರಸ್ವತಿ ಬೆಲೆಯ ಮಾತಿನ ನಡುವೆ ನನ್ನ ಟಿಪ್ಪಣಿಯನ್ನು ಮುನಿರಾಜಪ್ಪನವರಿಗೆ ಕಳಿಸಿಬಿಟ್ಟಿದ್ದಳು. ಬೇಕೆಂದೇ ಮುಚ್ಚಿಟ್ಟಿದ್ದಾರೆ ಎಂಬ ವಾಕ್ಯ ಅಕ್ಕನಿಗೂ ತಲುಪಿತ್ತು.

ಶಫಿ ಮೇಸ್ತ್ರಿ ತೇಪೆಯ ಮೇಲೆ ಬೆಳಕು ಬಿಟ್ಟರು. ಸುತ್ತಿಗೆ ಕೇಳಲಿಲ್ಲ. ಅಂಗೈಯನ್ನು ಗೋಡೆಯ ಮೇಲಿಟ್ಟು ನಿಧಾನವಾಗಿ ಸವರಿದರು.

"ಮೇಡಂ, ಇದು ಮೇಸ್ತ್ರಿ ಕೈ ಅಲ್ಲ."

"ಹೇಗೆ ಹೇಳ್ತೀರಿ?"

"ನೋಡಿ, ಕರಣೆ ಆಡಿದ ಗುರ್ತೇ ಇಲ್ಲ, ಮಣೆ ಉಜ್ಜಿದ ಗುರ್ತೂ ಇಲ್ಲ. ಬೆರಳು, ಬೆರಳು, ಬೆರಳು. ಯಾರೋ ಹೆಂಗಸ್ರು ಒಲೆ ಮೆತ್ತಿದಂಗೆ ಮೆತ್ತಿದಾರೆ. ಇಲ್ಲಿ ಬಳೆ ಒತ್ತಿದೆ ನೋಡಿ." ಅವರು ನನ್ನ ಕಡೆ ತಿರುಗಿದರು. "ಕ್ರ್ಯಾಕ್ ಮುಚ್ಚಿ ಮಾರೋರು ಇಷ್ಟು ಕೆಟ್ಟದಾಗಿ ಮುಚ್ಚಲ್ಲ ಮೇಡಂ. ನಮ್ಮಂಥೋರ್ನ ಕರೀತಾರೆ."

ಬಾಗಿಲಲ್ಲಿ ಪಾಪಮ್ಮ ನಿಂತಿದ್ದರು. "ಅದು ನನ್ ಕೈ" ಎಂದರು.

ಅವರು ಹೇಳಿದ್ದನ್ನು ಚುಟುಕಾಗಿ ಬರೆಯುತ್ತೇನೆ. ಅದು ಅವರ ಮನೆದೇವರ ಗೂಡು. ಅವರ ವಂಶದಲ್ಲಿ ಮನೆ ಬೇರೆಯವರ ಪಾಲಾಗುವಾಗ ದೇವರ ಕಲ್ಲನ್ನು ಹಿರಿಯ ಮಗಳು ಮಡಿಲಲ್ಲಿ ಇಟ್ಟುಕೊಂಡು ಹೋಗುತ್ತಾಳೆ. ಬರಿದಾದ ಗೂಡನ್ನು ಹಾಗೇ ಬಿಡುವಂತಿಲ್ಲ, ಮುಂದೆ ಬರುವವರು ಅರಿಯದೆ ಅಲ್ಲಿ ಚಪ್ಪಲಿ, ಪೊರಕೆ ಇಟ್ಟಾರು. ಅದನ್ನು ಕೂಲಿಯವರಿಂದ ಮುಚ್ಚಿಸುವಂತಿಲ್ಲ, ಮನೆಯ ಹೆಣ್ಣುಮಗಳೇ ತನ್ನ ಕೈಯಾರೆ ಮುಚ್ಚಬೇಕು. ಮುಚ್ಚಿದ ಮೇಲೆ ಅದನ್ನು ಬೊಟ್ಟು ಮಾಡಿ ತೋರಿಸುವಂತಿಲ್ಲ. ಪಾಪಮ್ಮ ಗೂಡಿನ ಬಾಯಿಗೆ ಒಂದು ಪದರ ಇಟ್ಟಿಗೆ ಅಡ್ಡವಿಟ್ಟು, ಸಿಮೆಂಟ್ ಕಲಸಿ, ಅಂಗೈಯಲ್ಲಿ ಮೆತ್ತಿದ್ದರು. ಒಳಗೆ ಖಾಲಿ, ಅದಕ್ಕೇ ಟೊಳ್ಳು.

"ಮೊದ್ಲು ಮನೆ ಕೊಳ್ಳೋಕೆ ಬಂದಿದ್ದೋರು ದೇವ್ರ ಜಾಗ ಅಂತ ಕೇಳಿದ್ದೇ ಹಿಂದೆ ಸರಿದ್ರು ಮೇಡಂ" ಎಂದರು ಮುನಿರಾಜಪ್ಪ, ತಲೆ ತಗ್ಗಿಸಿ. "ಅದಕ್ಕೇ ಸ್ವಿಚ್‌ಬೋರ್ಡ್ ಅಂದ್ಬಿಟ್ಟೆ. ಸುಳ್ಳು ಹೇಳ್ದೆ, ನಿಜ. ಆದ್ರೆ ಕೆಟ್ಟ ಗೋಡೆ ಮುಚ್ಚಿಡೋಕಲ್ಲ."

ನನಗೆ ನಾಚಿಕೆಯಾಯಿತು. ಆದರೆ ನಿಜ ಹೇಳಬೇಕೆಂದರೆ, ನಾಚಿಕೆಗಿಂತ ಜೋರಾಗಿ ಶಫಿ ಮೇಸ್ತ್ರಿಯ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಮುಚ್ಚಿ ಮಾರುವವರು ಚೆನ್ನಾಗಿ ಮುಚ್ಚುತ್ತಾರೆ. ಹಾಗಾದರೆ ಈ ಮನೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಮುಚ್ಚಿದ ಗೋಡೆ ಯಾವುದು? ನಾನು ಹಾಲ್‌ಗೆ ನಡೆದೆ.

"ಈ ಟೈಲ್ಸ್ ಯಾರು ಹಾಕ್ಸಿದ್ದು?"

"ಬಾಡಿಗೆಗಿದ್ದೋರು. ಲೇಡೀಸ್ ಟೈಲರಿಂಗ್ ಇಟ್ಟಿದ್ರು. ಅವರ ಖರ್ಚಲ್ಲೇ ಹಾಕ್ಸಿದ್ರು."

"ಬಾಡಿಗೆಯೋರು ಸ್ವಂತ ಖರ್ಚಲ್ಲಿ ಓನರ್ ಗೋಡೆಗೆ ಟೈಲ್ಸ್ ಹಾಕ್ಸಿದ್ರಾ? ಯಾಕೆ?"

ಮುನಿರಾಜಪ್ಪ ಟೈಲ್ಸ್ ಮೇಲೆ ಕೈಯಾಡಿಸಿದರು. "ಬಟ್ಟೆಗೆಲ್ಲ ಬೂಷ್ಟು ಹಿಡೀತಿದೆ ಅಂತಿದ್ರು. ಹಾಕ್ಸಿದ್ಮೇಲೆ ಏನೂ ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ."

ಟೈಲ್ಸ್‌ನ ಮೇಲಂಚಿಗೆ ಸರಿಯಾಗಿ ಮೀಟರ್ ಚುಚ್ಚಿದೆ. ಈ ಮೀಟರ್ ಮರಕ್ಕೆಂದು ಮಾಡಿದ್ದು, ಗೋಡೆಯಲ್ಲಿ ಅದರ ಅಂಕಿಯನ್ನು ಒಂದು ಕಡೆಗೆ ಇನ್ನೊಂದು ಕಡೆ ಹೋಲಿಸಿ ಮಾತ್ರ ನೋಡಬೇಕು. ನಡುಮನೆಯಲ್ಲಿ ಎಲ್ಲೂ ಒಂಬತ್ತು ದಾಟಿರಲಿಲ್ಲ. ಇಲ್ಲಿ ಇಪ್ಪತ್ತಾರು ತೋರಿಸಿತು. ಎರಡಡಿ ಪಕ್ಕದಲ್ಲಿ ಇಪ್ಪತ್ತೆಂಟು.

"ಎಲ್ಲಿ ಬೇಕಾದ್ರೂ ಒಡೀರಿ ಅಂದಿದ್ರಲ್ಲ. ಇಲ್ಲಿ ಒಡೀಲಾ?"

"ಒಡೀರಿ" ಎಂದರು ಅವರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಈ ಸಲ ಅವರು ಕಿಟಕಿಯ ಕಡೆ ನೋಡಲಿಲ್ಲ.

ಶಫಿ ಮೇಸ್ತ್ರಿ ಕೆಳಗಿನ ಸಾಲಿನಿಂದ ಒಂದು ಟೈಲ್ ಎಬ್ಬಿಸಿದರು. ಹಿಂದೆ ಗಟ್ಟಿ ಸಿಮೆಂಟು, ಅದರೊಳಗೆ ಕೋಳಿಬಲೆಯ ತಂತಿ. ಅದನ್ನು ಕತ್ತರಿಸಿ ತೆಗೆದಾಗ ಹಳೆಯ ಸುಣ್ಣದ ಗಾರೆ ಮೊಸರಿನಂತೆ ಕೈಗೆ ಬಂತು. ಮೇಸ್ತ್ರಿ ಎರಡು ಇಟ್ಟಿಗೆಗಳ ನಡುವೆ ಬೆರಳಿಟ್ಟರು. ಬೆರಳು ಪೂರ್ತಿ ಒಳಗೆ ಹೋಯಿತು. ಹೊರಗೆ ತೆಗೆದಾಗ ಅದಕ್ಕೆ ಮೆತ್ತಿದ್ದು ಬರೀ ಕೆಸರು. ತಂತಿ ಬಲೆ ಹಾಕಿ ಸಿಮೆಂಟಿನ ಚಿಪ್ಪು ಹೊದಿಸಿದ್ದರಿಂದ ಸುತ್ತಿಗೆಗೆ ಗಟ್ಟಿ ಸದ್ದು ಬಂದಿತ್ತು. ಆ ಚಿಪ್ಪೇ ತೇವವನ್ನು ಒಳಗೆ ಕೂಡಿಹಾಕಿತ್ತು. ಮೇಲೆ ಮದ್ರಾಸ್ ತಾರಸಿಯ ತೊಲೆಗಳ ಒಂದು ತುದಿ ಈ ಗೋಡೆಯ ಮೇಲೆಯೇ ಕೂತಿತ್ತು.

ನೀರು ಎಲ್ಲಿಂದ? ಪಕ್ಕದಲ್ಲಿ ನಾಲ್ಕು ಮಹಡಿಯ ಕಟ್ಟಡ, ನಡುವೆ ಒಂಬತ್ತು ಇಂಚಿನ ಸಂದು, ಮನುಷ್ಯರು ನುಗ್ಗಲಾಗದ್ದು. ಶಫಿ ಮೇಸ್ತ್ರಿಯ ಆರಡಿ ಮಟ್ಟಗೋಲಿಗೆ ನನ್ನ ಮೊಬೈಲ್ ಕಟ್ಟಿ, ವಿಡಿಯೋ ಹಾಕಿ ಒಳಗೆ ತೂರಿಸಿದೆವು. ಹೊರಗೆ ತೆಗೆದು ನೋಡಿದರೆ, ಆ ಕಟ್ಟಡದ ಮಳೆನೀರಿನ ಪೈಪು ನಡುವೆ ಕಳಚಿಕೊಂಡು ನೇರ ಈ ಗೋಡೆಗೇ ಸುರಿಯುತ್ತಿತ್ತು. ಗೋಡೆಯುದ್ದಕ್ಕೂ ಪಾಚಿ, ಒಂದು ಅರಳಿ ಸಸಿ. ವರ್ಷಗಳಿಂದ ಹೀಗೇ ನಡೆದಿರಬೇಕು.

ಸರಸ್ವತಿ ಗೋಡೆಯ ಬುಡದಲ್ಲಿ ನಿಂತು ನೆಲ ನೋಡುತ್ತಿದ್ದಳು. ಅಳತೆ ತೆಗೆದುಕೊಂಡಾಗ ಅವಳು ಪೆನ್ಸಿಲಿನಿಂದ ಹಾಕಿದ್ದ ಹದಿನಾಲ್ಕು ಗೀಟುಗಳು ನೆಲದ ಮೇಲೆ ಹಾಗೇ ಇದ್ದವು. "ಇಲ್ಲೇ ತಲೆ ಹಾಕಿ ಮಲಗ್ತಿದ್ವು" ಎಂದಳು. ಹಾಲ್‌ಗೆ ದೋಷವಿಲ್ಲ ಎಂದು ಬರೆದುಕೊಟ್ಟವಳು ನಾನು. ನಾಲ್ಕು ದಿನದ ಹಿಂದೆ ಅವಳು ನನ್ನ ಮಾತು ಕೇಳದೆ ಅಡ್ವಾನ್ಸ್ ಕೊಟ್ಟು, ಹಾಸಿಗೆ ಹಾಸಿಬಿಟ್ಟಿದ್ದರೆ?

ಪಾಪಮ್ಮ ಬಂದು ಆ ತೂತಿನೊಳಗೆ ಇಣುಕಿದರು. ಕೆಸರನ್ನು ಎರಡು ಬೆರಳಲ್ಲಿ ಮುಟ್ಟಿ, ಸೆರಗಿಗೆ ಒರೆಸಿಕೊಂಡು, ಮೊದಲ ಸಲ ನನ್ನನ್ನು ನೇರವಾಗಿ ನೋಡಿದರು.

"ನಿಮ್ ಸುತ್ತಿಗೆಗೆ ನಮ್ ದೇವ್ರ ಗೂಡು ಕೇಳಿಸ್ತು. ಇಷ್ಟೊಂದು ನೀರು ಕೇಳಿಸ್ಲಿಲ್ವಾ ಮೇಡಂ?"

ಸಿಟ್ಟಿನಿಂದ ಕೇಳಿದ್ದರೆ ಏನಾದರೂ ತಾಂತ್ರಿಕ ಸಮಜಾಯಿಷಿ ಕೊಡುತ್ತಿದ್ದೆನೋ ಏನೋ. ಅವರು ನಿಜವಾಗಿಯೂ ತಿಳಿದುಕೊಳ್ಳಲೆಂಬಂತೆ ಕೇಳಿದರು. "ಇಲ್ಲಮ್ಮ, ನಾನು ಸರಿಯಾಗಿ ನೋಡ್ಲಿಲ್ಲ. ನಿಮ್ಮ ತಮ್ಮನ ಬಗ್ಗೆ ಬರೆದಿದ್ದೂ ತಪ್ಪು" ಎಂದೆ. ಅವರು ಒಳಗೆ ಹೋಗಿ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ತಂದು ಕೈಗಿಟ್ಟರು. ಬೇಡ ಎನ್ನುವ ಮುಖ ನನಗಿರಲಿಲ್ಲ, ಕುಡಿದೆ.

ಅವತ್ತೇ ಟಿಪ್ಪಣಿ ಹಿಂತೆಗೆದುಕೊಂಡು, ಹೊಸ ವರದಿಯನ್ನು ಸರಸ್ವತಿಗೂ ಮುನಿರಾಜಪ್ಪನವರಿಗೂ ಒಟ್ಟಿಗೇ ಕಳಿಸಿದೆ. ಗೋಡೆ ಸರಿಯಾಗುವ ತನಕ ಮನೆ ಕೊಳ್ಳಬಾರದು, ಹಾಲ್‌ನಲ್ಲಿ ಯಾರೂ ಮಲಗಬಾರದು ಎಂದು ಮೊದಲ ಸಾಲಿನಲ್ಲೇ ಬರೆದೆ. ಮುನಿರಾಜಪ್ಪ ರಿಪೇರಿ ತಮ್ಮ ಜವಾಬ್ದಾರಿ ಎಂದು ಒಪ್ಪಿಕೊಂಡರು. ಪಕ್ಕದ ಕಟ್ಟಡದವರು ಮೊದಲು ನಮ್ಮ ಪೈಪೇ ಅಲ್ಲ ಎಂದರು. ವಿಡಿಯೋ ತೋರಿಸಿದ ಮೇಲೆ ಮೇಲಿನಿಂದಲೇ ಆ ಪೈಪು ಬಂದ್ ಮಾಡಿ ರಸ್ತೆ ಕಡೆ ಬೇರೆ ಇಳಿಸಿದರು. ತೊಲೆಗಳಿಗೆ ಕಬ್ಬಿಣದ ಆಸರೆ ಕೊಟ್ಟು, ಒಮ್ಮೆಗೆ ಮೂರು ಮೂರು ಅಡಿಯಂತೆ ಗೋಡೆ ಬಿಚ್ಚಿ, ಸುಣ್ಣದ ಗಾರೆಯಲ್ಲಿ ಮತ್ತೆ ಕಟ್ಟಿಸಿದೆವು. ಹತ್ತು ವಾರ ಹಿಡಿಯಿತು. ಅಷ್ಟು ದಿನ ಶಿಶುವಿಹಾರ ಅಲ್ಲೇ ಇರಲಿ ಎಂದು ಇಂದಿರಾನಗರದ ಮನೆಯೊಡೆಯರನ್ನು ಮಕ್ಕಳ ತಾಯಂದಿರೇ ಗುಂಪಾಗಿ ಹೋಗಿ ಒಪ್ಪಿಸಿದರು.

ಒಂದು ಸಂಶಯ ಮಾತ್ರ ನನ್ನಲ್ಲಿ ಉಳಿದುಬಿಟ್ಟಿದೆ. ಆ ಟೈಲರಿಂಗ್‌ನವರಿಗೆ ಗೋಡೆಯೊಳಗಿನ ನೀರು ಗೊತ್ತಿತ್ತೇ, ಬರೀ ಬೂಷ್ಟು ಕಾಣದಿರಲೆಂದು ಹೊದಿಸಿದರೇ? ಅವರು ಮುನಿರಾಜಪ್ಪನವರಿಗೆ ಕೊಟ್ಟಿದ್ದ ನಂಬರ್ ಈಗ ಚಾಲ್ತಿಯಲ್ಲಿಲ್ಲ. ನನ್ನ ಬುದ್ಧಿ ಒಂದು ಹೇಳುತ್ತದೆ, ಆದರೆ ಆ ಬುದ್ಧಿಯನ್ನು ಆ ಮನೆಯಲ್ಲಿ ಒಮ್ಮೆ ನಂಬಿ ಕೆಟ್ಟಿದ್ದೇನೆ.

ಸರಸ್ವತಿ ಆ ಮನೆ ಕೊಂಡ ಆರು ತಿಂಗಳ ಮೇಲೆ ಒಂದು ಮಧ್ಯಾಹ್ನ ಹೋದೆ. ಹದಿನಾಲ್ಕು ಮಕ್ಕಳು ಹೊಸ ಗೋಡೆಗೆ ತಲೆಯಿಟ್ಟು ಮಲಗಿದ್ದವು. ಎಚ್ಚರವಾಗದ ಹಾಗೆ ಬಗ್ಗಿ, ನೆಲದಿಂದ ಒಂದಡಿ ಎತ್ತರದಲ್ಲಿ ಮೀಟರ್ ಚುಚ್ಚಿದೆ. ಹನ್ನೊಂದು. ಹೊಸ ಗೋಡೆ ಇನ್ನೂ ಒಣಗುತ್ತಿತ್ತು. ನಡುಮನೆಗೆ ಸರಸ್ವತಿ ಹಳದಿ ಬಣ್ಣ ಬಳಿಸಿದ್ದಳು, ಪಾಪಮ್ಮನ ಬೆರಳಿನ ಗುರುತುಗಳನ್ನು ಉಜ್ಜಿಸಿರಲಿಲ್ಲ. ಮಕ್ಕಳ ಚಪ್ಪಲಿಗಳನ್ನು ಆ ಗೋಡೆಯಿಂದ ದೂರ, ಬಾಗಿಲ ಹೊರಗೆ ಸಾಲಾಗಿ ಇಡಿಸಿದ್ದಳು.

ನನ್ನ ಅನುಮಾನ ಹೋಗಿಲ್ಲ, ಈ ವಯಸ್ಸಿನಲ್ಲಿ ಹೋಗುವುದೂ ಇಲ್ಲ. ಅದಕ್ಕೆ ಒಂದು ಕಟ್ಟಳೆ ಮಾತ್ರ ಹಾಕಿಕೊಂಡಿದ್ದೇನೆ. ಈಗ ಯಾವ ಮನೆಗೆ ಹೋದರೂ ನನ್ನ ಕಣ್ಣಿಗೆ ಚೆನ್ನಾಗಿ ಕಂಡ ಗೋಡೆಯ ಬುಡದಿಂದ ಶುರು ಮಾಡಿ, ಅನುಮಾನ ಬಂದ ಗೋಡೆಯನ್ನು ಕಟ್ಟಕಡೆಗೆ ತಟ್ಟುತ್ತೇನೆ.